ಕೋವಿಯ ಮದ್ದು ಬದಲಾಗಿದೆ, ನಿಮ್ಮ ಕೋವಿ ಬದಲಾಗಿದೆಯೇ?

ರಾಗಿ ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿ ಕಾಟ ಶುರು. ಮುಸುಕಿನ ಜೋಳ, ಆಲೂಗೆಡ್ಡೆ ಹಾಕಿದವರಿಗಂತೂ ರಾತ್ರಿ ನಿದ್ದೆಯಿಲ್ಲ. ನುಗ್ಗೇಹಳ್ಳಿ, ಹೊಳೆನರಸೀಪುರ, ಅರಕಲಗೂಡು ಕಡೆ ಹೊಲದಲ್ಲಿ ಕಾವಲು ಕೂರೋದು, ತಮಟೆ ಬಡಿಯೋದು, ಪಟಾಕಿ ಹೊಡೆಯೋದು ಎಲ್ಲರಿಗೂ ಗೊತ್ತಿರುವ ಕೆಲಸ. ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಬೆಳೆ ರಕ್ಷಣೆಯ ಲೈಸೆನ್ಸು ಇರುವ ಕೋವಿಯೂ ಇದೆ.

ಇಂಥ ಕೋವಿ ಹೆಚ್ಚಾಗಿ ತಾತನ ಕಾಲದ್ದು. ತಾತನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದದ್ದು. ಕೋವಿ ಕೈಬದಲಾಯಿತು, ಲೈಸೆನ್ಸಿನ ಹೆಸರೂ ಬದಲಾಯಿತು. ಅದಕ್ಕೆ ಹಾಕುವ ಮದ್ದಿನ ತಿಳುವಳಿಕೆ ಮಾತ್ರ ಪೂರ್ತಿ ಕೈಬದಲಾಗಲಿಲ್ಲ. 'ತಾತ ಇಷ್ಟು ಅಳತೆ ಹಾಕುತ್ತಿದ್ದರು' ಎಂಬ ನೆನಪು ಉಳಿದಿದೆ. ಯಾವ ಮದ್ದನ್ನು ಅಷ್ಟು ಹಾಕುತ್ತಿದ್ದರು ಎಂಬುದು ಮರೆತುಹೋಗಿದೆ.

ಅಪಾಯ ಇರುವುದು ಇಲ್ಲೇ. ಹಳೆ ಕಪ್ಪು ಮದ್ದು ಕೈಗೆ ಸಿಗದಿದ್ದಾಗ ಒಂದು ಸುಲಭದ ಯೋಚನೆ ಬರುತ್ತದೆ: ಅಂಗಡಿಯ ತೋಟಾ ಒಂದನ್ನು ಕೊಯ್ದು, ಅದರೊಳಗಿನ ಮದ್ದನ್ನು ಕೇಪಿನ ಕೋವಿಗೆ ಸುರಿದರೆ ಆಗದೇ? ಆಗದು. ಹಾಗೆ ಮಾಡಿದರೆ ನಳಿಗೆ ಸಿಡಿಯಬಹುದು. ನಳಿಗೆ ಹಿಡಿದ ಎಡಗೈ, ಹಿಂಬದಿಯಲ್ಲಿರುವ ಕಣ್ಣು, ಇವೆರಡೂ ಹೋಗಬಹುದು. ಯಾಕೆ ಅನ್ನುವುದು ತಿಳಿಯಬೇಕಾದರೆ ಮದ್ದು ಹೇಗೆ ಬದಲಾಗುತ್ತಾ ಬಂತು ಎಂದು ನೋಡಬೇಕು.

ಎರಡು ಬಗೆಯ ಕೋವಿ

ನಮ್ಮ ಕಡೆ ಇರುವುದು ಮುಖ್ಯವಾಗಿ ಎರಡು ಬಗೆ. ಒಂದು ಕೇಪಿನ ಕೋವಿ. ಇದಕ್ಕೆ ನಳಿಗೆಯ ಬಾಯಿಯಿಂದಲೇ ಮದ್ದು ಸುರಿಯಬೇಕು. ಮೇಲೆ ಕತ್ತವೋ ಬಟ್ಟೆಯೋ ಇಟ್ಟು ಸರಳಿನಿಂದ ಜಡಿಯಬೇಕು. ಆಮೇಲೆ ಚರೆ, ಅಂದರೆ ಸೀಸದ ಸಣ್ಣ ಗುಂಡು. ಹಿಂದೆ ಮೊಳೆಯಂಥ ತೂತಿನ ಮೇಲೆ ಕೇಪು ಕೂರಿಸಿ ಹೊಡೆಯಬೇಕು.

ಇನ್ನೊಂದು ತೋಟಾ ಕೋವಿ. ನಳಿಗೆಯನ್ನು ಹಿಂದಿನಿಂದ ತೆರೆದು ಮದ್ದು, ಚರೆ, ಕೇಪು ಮೂರೂ ಸೇರಿದ ತೋಟಾವನ್ನು ತೂರಿಸುವುದು. ಹನ್ನೆರಡು ಬೋರಿನದು ಎಲ್ಲರಿಗೂ ಪರಿಚಯ.

1959ರ ಶಸ್ತ್ರಾಸ್ತ್ರ ಕಾಯಿದೆಯೂ ಈ ಎರಡನ್ನು ಬೇರೆಬೇರೆಯಾಗಿ ನೋಡುತ್ತದೆ. ನಿಜವಾಗಿ ಬೆಳೆ ರಕ್ಷಣೆಗೆ ಬೇಕೆಂದರೆ ಮೊದಲು ಬಾಯಿಯಿಂದ ತುಂಬುವ ಕೋವಿ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ, 20 ಇಂಚಿಗೆ ಕಡಿಮೆಯಿಲ್ಲದ ನಯ ನಳಿಗೆಯ ಬೇರೆ ಕೋವಿ. ಹಾಗಾಗಿ ಹಳ್ಳಿಯಲ್ಲಿ ಕೇಪಿನ ಕೋವಿ ಇನ್ನೂ ಉಳಿದಿದೆ. ಹೊರಗಿನ ಲೋಕ ಬಿಟ್ಟು ನೂರು ವರ್ಷ ದಾಟಿದ ಮದ್ದನ್ನು ನಾವು ಇನ್ನೂ ಕೇಳುತ್ತಿರುವುದೂ ಅದಕ್ಕೇ.

ಕಪ್ಪು ಮದ್ದು

ಪೆಟ್ಟುಪ್ಪು, ಗಂಧಕ, ಇದ್ದಿಲು. ಈ ಮೂರರ ಬೆರಕೆಯೇ ಕಪ್ಪು ಮದ್ದು. ಹೈದರಾಲಿ, ಟಿಪ್ಪುವಿನ ಬಾಣಗಳಲ್ಲಿ ಇದ್ದದ್ದೂ ಈ ಜಾತಿಯದೇ. ಶ್ರೀರಂಗಪಟ್ಟಣದಲ್ಲಿ ನೆಲದೊಳಗೆ ಅರ್ಧ ಹುದುಗಿದಂತೆ ಕಟ್ಟಿರುವ ಮದ್ದಿನ ಮನೆಗಳನ್ನು ನೋಡಿರಬಹುದು. ಜೋಡಿ ಹಳಿ ಹಾಕುವಾಗ, 2017ರಲ್ಲಿ, ಅವುಗಳಲ್ಲೊಂದನ್ನು ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಮದ್ದನ್ನು ತೇವ, ಬೆಂಕಿ ಎರಡರಿಂದಲೂ ಕಾಯಬೇಕೆಂಬುದು ಆ ಕಾಲದವರಿಗೇ ಗೊತ್ತಿತ್ತು.

ಕಪ್ಪು ಮದ್ದಿಗೆ ಮೂರು ಗುಣ. ಒಂದು, ಕಿಡಿ ತಾಗಿದರೆ ಸಾಕು, ತಟ್ಟನೆ ಹತ್ತುತ್ತದೆ. ಎರಡು, ಉರಿದ ಮೇಲೆ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗುವುದೇ ಇಲ್ಲ. ಹೊಗೆಯಾಗಿ, ಕಿಟ್ಟವಾಗಿ ಉಳಿಯುತ್ತದೆ. ಹೊಡೆದ ಮೇಲೆ ಏಳುವ ಬಿಳಿ ಮೋಡ, ನಳಿಗೆಯೊಳಗಿನ ಮಸಿ ಎಲ್ಲ ಅದೇ. ಮೂರು, ಅದು ಎಷ್ಟೇ ಬಿಗಿಯಲ್ಲಿದ್ದರೂ ಉರಿಯುವ ವೇಗ ವಿಪರೀತ ಏರುವುದಿಲ್ಲ. ಕಬ್ಬಿಣದ ಹಳೆ ನಳಿಗೆ ತಡೆದುಕೊಂಡಿದ್ದು ಈ ಮೂರನೆಯ ಗುಣದಿಂದ. ಕಪ್ಪು ಮದ್ದಿಗೂ ಮಿತಿ ಇದೆ, ಅತಿಯಾಗಿ ತುಂಬಿದರೆ ಅದೂ ನಳಿಗೆ ಒಡೆಯುತ್ತದೆ. ಆದರೆ ಅಳತೆಯಲ್ಲಿ ಚೂರು ಹೆಚ್ಚುಕಡಿಮೆಯಾದರೆ ಅದು ಕ್ಷಮಿಸುತ್ತದೆ. ತಾತ ಅಳತೆಯ ಕೊಳವೆಯಲ್ಲಿ ತುಂಬಿ ಸುರಿಯುತ್ತಿದ್ದದ್ದು ನಡೆದದ್ದು ಹಾಗೆ.

ಹತ್ತಿಯಿಂದ ಹುಟ್ಟಿದ ಮದ್ದು

ಹೊಗೆಯಿಲ್ಲದ ಮದ್ದಿನ ಮೂಲ ಹೊಲದಲ್ಲೇ ಇದೆ ಎಂದರೆ ಆಶ್ಚರ್ಯವಾಗಬಹುದು. 1846ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಶೋನ್‌ಬೈನ್ ಎಂಬ ರಸಾಯನ ವಿಜ್ಞಾನಿ ಹತ್ತಿಯನ್ನು ಆಮ್ಲಗಳಲ್ಲಿ ನೆನೆಸಿ ಹೊಸ ಸ್ಫೋಟಕ ಕಂಡುಹಿಡಿದ. ನೋಡಲು ಹತ್ತಿಯೇ, ಬೆಂಕಿ ಸೋಕಿದರೆ ಬೂದಿಯೂ ಉಳಿಯದಂತೆ ಉರಿಯುವಂಥದ್ದು. ಆದರೆ ಅದನ್ನು ಹಾಗೇ ಕೋವಿಗೆ ಹಾಕುವಂತಿರಲಿಲ್ಲ. ಉರಿಯ ವೇಗಕ್ಕೆ ಲಗಾಮೇ ಇರಲಿಲ್ಲ. ಅದನ್ನು ತಯಾರಿಸುತ್ತಿದ್ದ ಇಂಗ್ಲೆಂಡಿನ ಫ್ಯಾವರ್‌ಶಾಮ್ ಕಾರ್ಖಾನೆ 1847ರಲ್ಲಿ ಸಿಡಿದುಹೋಯಿತು.

ಲಗಾಮು ಹಾಕಿದ್ದು ಫ್ರಾನ್ಸಿನ ಪಾಲ್ ವೀಯೆ, 1884ರಲ್ಲಿ. ಆ ಹತ್ತಿಯನ್ನು ದ್ರಾವಕದಲ್ಲಿ ಕರಗಿಸಿ, ಅಂಟಿನ ಮುದ್ದೆ ಮಾಡಿ, ಲಟ್ಟಿಸಿ, ಚೂರು ಮಾಡಿದ. ಹತ್ತಿಯ ಎಳೆಗಳ ನಡುವಿನ ಸಂದೆಲ್ಲ ಮುಚ್ಚಿಹೋಗಿ ಚೂರು ಮೇಲ್ಮೈಯಿಂದ ಮಾತ್ರ ಉರಿಯತೊಡಗಿತು. 1887ರಲ್ಲಿ ಆಲ್ಫ್ರೆಡ್ ನೊಬೆಲ್ ಇದಕ್ಕೆ ನೈಟ್ರೋಗ್ಲಿಸರಿನ್ ಸೇರಿಸಿದ. 1889ರಲ್ಲಿ ಇಂಗ್ಲೆಂಡಿನ ಏಬೆಲ್ ಮತ್ತು ಡ್ಯೂವರ್ ಅದೇ ಬಗೆಯ ಮುದ್ದೆಯನ್ನು ಶಾವಿಗೆ ಒತ್ತಿದ ಹಾಗೆ ಎಳೆ ತೆಗೆದರು. ಹುರಿಯ ಹಾಗಿದ್ದದ್ದಕ್ಕೆ ಕಾರ್ಡೈಟ್ ಎಂದು ಹೆಸರಾಯಿತು.

ಇದು ನಮ್ಮ ಮಗ್ಗುಲಿಗೇ ಬಂತು. ನೀಲಗಿರಿಯಲ್ಲಿ ಕೂನೂರಿನ ಹತ್ತಿರ ಅರವಂಕಾಡಿನಲ್ಲಿ ಬ್ರಿಟಿಷರು 1904ರ ಹೊತ್ತಿಗೆ ಕಾರ್ಡೈಟ್ ಕಾರ್ಖಾನೆ ಹೂಡಿದರು. ಅದು ಇಂದಿಗೂ ಕೆಲಸ ಮಾಡುತ್ತಿದೆ. 2021ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ತನ್ನ ಆರ್ಡ್‌ನೆನ್ಸ್ ಕಾರ್ಖಾನೆಗಳನ್ನೆಲ್ಲ ಏಳು ಕಂಪನಿಗಳಾಗಿ ಹಂಚಿತು. ಆಗ ಅರವಂಕಾಡಿನ ಕಾರ್ಖಾನೆಯೂ ಪುಣೆಯ ಖಡ್ಕಿ ಮದ್ದುಗುಂಡು ಕಾರ್ಖಾನೆಯೂ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಒಂದೇ ಕಂಪನಿಯ ಕೆಳಗೆ ಬಂದವು. ನಮ್ಮ ಕಡೆ ಹೆಸರಾದ 'ಶಕ್ತಿಮಾನ್' ತೋಟಾ ಖಡ್ಕಿಯದು.

ವ್ಯತ್ಯಾಸ ಎಲ್ಲಿದೆ?

ಹೊಸ ಮದ್ದು ಉರಿದರೆ ಹೆಚ್ಚುಕಡಿಮೆ ಪೂರ್ತಿ ಅನಿಲವಾಗುತ್ತದೆ. ಕಿಟ್ಟ ಇಲ್ಲ, ಹೊಗೆ ತೀರಾ ಕಡಿಮೆ. ಅಂದರೆ ಅದೇ ತೂಕದ ಕಪ್ಪು ಮದ್ದಿಗಿಂತ ಹಲವು ಪಟ್ಟು ತಳ್ಳುವ ಬಲ. ಇದು ಮೊದಲನೆಯ ವ್ಯತ್ಯಾಸ.

ಎರಡನೆಯದೇ ಮುಖ್ಯ. ಹೊಗೆಯಿಲ್ಲದ ಮದ್ದಿನ ಉರಿಯುವ ವೇಗ ಒತ್ತಡದ ಜತೆ ಏರುತ್ತದೆ. ಒತ್ತಡ ಏರಿದಷ್ಟೂ ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ. ಇಳಿಜಾರಿನಲ್ಲಿ ಬ್ರೇಕು ಹೋದ ಗಾಡಿಯ ಹಾಗೆ. ಬಯಲಲ್ಲಿ ಚಿಟಿಕೆ ಮದ್ದು ಉರಿದದ್ದನ್ನು ಕಂಡವರು 'ಇದು ಮೆತ್ತಗಿನ ಮದ್ದು, ಕಪ್ಪು ಮದ್ದಿನಷ್ಟು ಜೋರಿಲ್ಲ' ಎನ್ನುವುದುಂಟು. ಬಯಲಲ್ಲಿ ಅದು ನಿಜವಾಗಿಯೂ ನಿಧಾನ. ಮುಚ್ಚಿದ ಜಾಗದಲ್ಲಿ ಅದರ ಗುಣವೇ ಬೇರೆ. ಪಾತ್ರೆಯಲ್ಲಿ ಕುದಿಯುವ ನೀರಿಗೂ ತೂತು ಕಟ್ಟಿಕೊಂಡ ಕುಕ್ಕರಿಗೂ ಇರುವಷ್ಟು ಅಂತರ. ಈ ಪರೀಕ್ಷೆಯನ್ನು ಯಾರೂ ಮಾಡಲು ಹೋಗಬೇಡಿ, ಅದರಿಂದ ತಪ್ಪು ತೀರ್ಮಾನವೇ ಸಿಗುತ್ತದೆ.

ಈಗ ಕೇಪಿನ ಕೋವಿಯನ್ನು ಯೋಚಿಸಿ. ಅದರ ಹಿಂಬದಿ ಮುಚ್ಚಿರುವುದು ಒಂದು ತಿರುಪಿನಿಂದ. ಕೇಪು ಕೂರುವ ಮೊಳೆಯೂ ತಿರುಪಿನದೇ. ಐವತ್ತು ಅರವತ್ತು ವರ್ಷದ ತುಕ್ಕು ಆ ಸಂದುಗಳಲ್ಲಿ ಸೇರಿಕೊಂಡಿರುತ್ತದೆ. ಮದ್ದನ್ನು ಕೈಯಿಂದ ಜಡಿಯುವುದರಿಂದ ಒಂದೊಂದು ಸಲ ಒಂದೊಂದು ಬಿಗಿ. ಇಂಥ ನಳಿಗೆಗೆ ತೋಟಾದ ಮದ್ದನ್ನು, ಅದೂ ಕಪ್ಪು ಮದ್ದಿನ ಅಳತೆಯಲ್ಲಿ ಸುರಿದರೆ ಏನಾಗುತ್ತದೆ? ಒಂದು ಸಲ ಟುಸ್ಸೆನ್ನಬಹುದು. ಇನ್ನೊಂದು ಸಲ ಸರಿಯಾಗಿಯೇ ಹಾರಬಹುದು. ಮೂರನೆಯ ಸಲ ತಿರುಪು ಹಿಂದಕ್ಕೆ ಹಾರಬಹುದು. 'ಹೋದ ವರ್ಷ ಹಾಕಿದ್ದೆ, ಏನೂ ಆಗಲಿಲ್ಲ' ಎಂಬ ಮಾತಿಗೆ ಬೆಲೆಯಿಲ್ಲ ಎನ್ನುವುದು ಅದಕ್ಕೇ.

ಒಂದೇ ಹೆಸರು, ನೂರಾರು ಮದ್ದು

'ಸ್ವಲ್ಪ ಕಡಿಮೆ ಹಾಕಿದರೆ?' ಎಂದು ಕೇಳುವವರಿದ್ದಾರೆ. ಕಡಿಮೆ ಎಂದರೆ ಎಷ್ಟು? ಹೊಗೆಯಿಲ್ಲದ ಮದ್ದು ಎಂಬುದು ಒಂದು ವಸ್ತುವಲ್ಲ. ಪಿಸ್ತೂಲಿಗೆ ಬೇಗ ಉರಿಯುವುದು, ಚರೆಯ ತೋಟಾಕ್ಕೆ ಒಂದು ಬಗೆ, ದೊಡ್ಡ ರೈಫಲ್ಲಿಗೆ ನಿಧಾನದ್ದು. ಬಿಲ್ಲೆ, ಕಡ್ಡಿ, ಸಾಸಿವೆಯಂಥ ಗುಂಡು ಹೀಗೆ ಆಕಾರ ಹಲವು. ಮೇಲೆ ಉರಿ ತಡೆಯುವ ಲೇಪ ಬೇರೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಮದ್ದು ನಳಿಗೆಯೊಳಗೆ ತೀರಾ ಬೇರೆಯಾಗಿ ವರ್ತಿಸುತ್ತವೆ. ಕಾರ್ಖಾನೆಯವರು ತಮ್ಮ ತೋಟಾಕ್ಕೆ ಯಾವುದು ಹಾಕಿದ್ದಾರೆ ಎಂದು ಹೊರಗೆ ಬರೆಯುವುದಿಲ್ಲ.

ಅಮೆರಿಕ, ಆಸ್ಟ್ರೇಲಿಯಾ, ಯೂರೋಪಿನಲ್ಲಿ ಮನೆಯಲ್ಲೇ ತೋಟಾ ತುಂಬುವ ಹವ್ಯಾಸಿಗಳು ಬಹಳ. ಅಲ್ಲಿನ ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ. ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯದಲ್ಲಿ ಉಳಿದ ಮದ್ದನ್ನು ಅಮೆರಿಕದ ಬ್ರೂಸ್ ಹಾಜ್ಡನ್ ಎಂಬಾತ ಕೊಂಡು ಇಂಥವರಿಗೆ ಮಾರತೊಡಗಿದ. ಆ ವ್ಯಾಪಾರ ಬೆಳೆದು ಅದೇ ಹೆಸರಿನ ಕಂಪನಿ 2003ರಲ್ಲಿ ಐಎಂಆರ್ ಮದ್ದನ್ನೂ, 2006ರಲ್ಲಿ ವಿಂಚೆಸ್ಟರ್ ಹೆಸರಿನ ಮದ್ದನ್ನೂ ತನ್ನ ಕೈಗೆ ತೆಗೆದುಕೊಂಡಿತು. ಅದು ಮಾರುವ ಮದ್ದಿನಲ್ಲಿ ಒಂದು ಪಾಲು ತಯಾರಾಗುವುದು ಆಸ್ಟ್ರೇಲಿಯಾದ ಮುಲ್ವಾಲದಲ್ಲಿ. ಅಂದರೆ ಡಬ್ಬಿಯ ಹೆಸರು ಒಂದು, ಮಾಡುವ ಊರು ಇನ್ನೊಂದು.

ಮದ್ದಿನ ಒಳಗೂ ಬದಲಾಗಿದೆ. ಬಿಸಿಲಲ್ಲೂ ಚಳಿಯಲ್ಲೂ ಒತ್ತಡ ಹೆಚ್ಚು ಏರುಪೇರಾಗದಂಥವು ಬಂದವು. ಯೂರೋಪು ಕೆಲವು ವಿಷಕಾರಿ ರಾಸಾಯನಿಕಗಳಿಗೆ ತಡೆ ಹಾಕಿದ್ದರಿಂದ ಹಳೆ ಹೆಸರಿನ ಮದ್ದನ್ನೇ ಹೊಸ ಬೆರಕೆಯಲ್ಲಿ ಮಾಡುವುದಾಯಿತು. 2022ರಿಂದ ಉಕ್ರೇನ್ ಯುದ್ಧದ ಶೆಲ್ಲುಗಳಿಗೆ ಬೇಡಿಕೆ ಏರಿ, ಹತ್ತಿಬೀಜಕ್ಕೆ ಅಂಟಿದ ಕಿರುನಾರೂ ಅದರಿಂದ ಮಾಡುವ ನೈಟ್ರೋಸೆಲ್ಯುಲೋಸೂ ಅಲ್ಲಿ ಕೊರತೆಯಾಗಿವೆ. ನಮ್ಮ ಜಿನ್ನಿಂಗ್ ಮಿಲ್ಲಿನ ಕಸದಂತೆ ಕಾಣುವ ನಾರಿಗೆ ಅಷ್ಟು ಬೆಲೆ!

ಕಪ್ಪು ಮದ್ದಿನ ಕಥೆಯೂ ಅಷ್ಟೆ. ಅಮೆರಿಕದಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದ ಗೋಯೆಕ್ಸ್ ಕಾರ್ಖಾನೆ 2021ರಲ್ಲಿ ನಿಂತು, 2022ರಲ್ಲಿ ಬೇರೆ ಕಂಪನಿಯ ಕೈಗೆ ಹೋಯಿತು. ಕಪ್ಪು ಮದ್ದಿನ ಬದಲಿಗೆಂದೇ 1970ರ ದಶಕದಲ್ಲಿ ಪೈರೋಡೆಕ್ಸ್ ಎಂಬುದು ಬಂತು. ಬಾಯಿಯಿಂದ ತುಂಬುವ ಕೋವಿಗೆ ಆಗಬೇಕೆಂದೇ ಮಾಡಿದ್ದು ಅದು. ತೋಟಾದೊಳಗಿನ ಮದ್ದು ಹಾಗಲ್ಲ.

ಇದರಿಂದ ನಮಗೇನು? ಪ್ರತಿ ಡಬ್ಬಿಗೂ ತಯಾರಕರ ಪಟ್ಟಿ ಇಟ್ಟುಕೊಂಡು, ಸೂಕ್ಷ್ಮ ತಕ್ಕಡಿಯಲ್ಲಿ ತೂಗುವ ಜನರೇ ಹೆಸರು ಒಂದಿದ್ದರೂ ಹೊಸ ಡಬ್ಬಿಗೆ ಹಳೆ ಪಟ್ಟಿ ನಂಬುವುದಿಲ್ಲ. ಯಾವ ಮದ್ದು ಎಂದೇ ಗೊತ್ತಿಲ್ಲದೆ, ತೋಟಾ ಕೊಯ್ದು, ಅಂದಾಜಿನ ಮೇಲೆ ಸುರಿಯುವುದು ಎಂಥ ಸಾಹಸ ನೀವೇ ಹೇಳಿ.

ಡ್ರಾಮ್ ಲೆಕ್ಕದ ಗೊಂದಲ

ಹಳೆಯ ವಿದೇಶಿ ತೋಟಾದ ಪೆಟ್ಟಿಗೆಯ ಮೇಲೆ 'ಮೂರು ಡ್ರಾಮ್' ಎಂಬಂಥ ಲೆಕ್ಕ ಕಾಣುವುದುಂಟು. ಒಂದು ಡ್ರಾಮ್ ಎಂದರೆ ಸುಮಾರು 1.77 ಗ್ರಾಂ. ಒಳಗೆ ಅಷ್ಟು ಮದ್ದು ಇದೆ ಎಂದು ಇದರ ಅರ್ಥವಲ್ಲ. ಮೂರು ಡ್ರಾಮ್ ಕಪ್ಪು ಮದ್ದು ಹಾಕಿದ್ದರೆ ಚರೆ ಎಷ್ಟು ವೇಗದಲ್ಲಿ ಹೋಗುತ್ತಿತ್ತೋ ಅಷ್ಟು ವೇಗ ಎಂದರ್ಥ. ಒಳಗಿರುವ ಹೊಗೆಯಿಲ್ಲದ ಮದ್ದಿನ ತೂಕ ಅದರ ಅರ್ಧಕ್ಕಿಂತಲೂ ಕಡಿಮೆ. ಕಪ್ಪು ಮದ್ದು ಹೋದರೂ ಅದರ ಲೆಕ್ಕ ಪೆಟ್ಟಿಗೆಯ ಮೇಲೆ ಉಳಿಯಿತು, ಅಷ್ಟೆ.

ಹಳೆ ನಳಿಗೆಯ ಗುರುತು

ತೋಟಾ ಕೋವಿ ಇರುವವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಇಂಗ್ಲೆಂಡಿನಿಂದ ಬಂದ ಹಳೆ ಜೋಡಿ ನಳಿಗೆಗಳಲ್ಲಿ ಕೆಲವು ಕಪ್ಪು ಮದ್ದಿಗೆಂದೇ ಆದವು. ನಳಿಗೆಯ ಮೇಲೆ ಮರದ ಗೆರೆಯಂತೆ, ಹಾವಿನ ಹೊರೆಯಂತೆ ಸುರುಳಿ ಸುರುಳಿ ಗುರುತಿದ್ದರೆ ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದದ್ದು. ಅಂಥದರಲ್ಲಿ ಇಂದಿನ ತೋಟಾ ಹಾರಿಸಬಾರದು. ಬರ್ಮಿಂಗ್‌ಹ್ಯಾಮ್, ಲಂಡನ್‌ಗಳಲ್ಲಿ ಪರೀಕ್ಷೆಯಾದ ನಳಿಗೆಯ ಕೆಳಬದಿಯಲ್ಲಿ ಮುದ್ರೆ ಇರುತ್ತದೆ. 'ನೈಟ್ರೋ ಪ್ರೂಫ್' ಎಂದಿದ್ದರೆ ಆ ಕಾಲದಲ್ಲಿ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಪಾಸಾಗಿತ್ತು ಎಂದು ಅರ್ಥ. ಆಮೇಲೆ ಹಿಡಿದ ತುಕ್ಕಿಗೆ, ಸವೆತಕ್ಕೆ ಆ ಮುದ್ರೆ ಜವಾಬ್ದಾರಿಯಲ್ಲ.

ಇನ್ನೊಂದು, ತೋಟಾದ ಉದ್ದ. ಹಳೆ ಕೋವಿಗಳ ಮನೆ 65 ಮಿಲಿಮೀಟರ್ ತೋಟಾದ್ದು, ಈಗಿನ ತೋಟಾ ಹೆಚ್ಚಾಗಿ 70ರದ್ದು. ಉದ್ದದ ತೋಟಾ ಒಳಗೆ ಹೋಗಿಬಿಡುತ್ತದೆ, ಅದೇ ತೊಂದರೆ. ಹಾರುವಾಗ ಅದರ ಮಡಿಕೆ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಲೈಸೆನ್ಸು ಇರುವ ಬಂದೂಕು ರಿಪೇರಿಯವರ ಹತ್ತಿರ ಅಳೆಸಿಕೊಳ್ಳಿ.

ಮದ್ದಿಗೂ ವಯಸ್ಸಾಗುತ್ತದೆ

ಕಪ್ಪು ಮದ್ದಿಗೆ ತೇವವೇ ಶತ್ರು. ಹೊಗೆಯಿಲ್ಲದ ಮದ್ದಿಗೆ ಸೆಖೆ ಶತ್ರು. ಆಮ್ಲದಲ್ಲಿ ಹುಟ್ಟಿದ ಆ ಹತ್ತಿ ವರ್ಷಗಳು ಕಳೆದಂತೆ ತಾನಾಗಿಯೇ ಕೆಡುತ್ತದೆ. ಕೆಡುವಾಗ ಬರುವ ಆಮ್ಲದ ಆವಿ ಕೆಡುವುದನ್ನು ಇನ್ನಷ್ಟು ಬೇಗ ಮಾಡುತ್ತದೆ. ಇದು ತಿಳಿಯುವ ಮೊದಲು ಫ್ರಾನ್ಸ್ ದೊಡ್ಡ ಬೆಲೆ ತೆತ್ತಿತು. ತೂಲೋನ್ ಬಂದರಿನಲ್ಲಿ 1907ರಲ್ಲಿ ಇಯೆನಾ, 1911ರಲ್ಲಿ ಲಿಬರ್ತೆ ಎಂಬ ಎರಡು ಯುದ್ಧನೌಕೆಗಳು ತಮ್ಮದೇ ಕೆಟ್ಟ ಮದ್ದಿನಿಂದ ಸಿಡಿದು ನೂರಾರು ಜನ ಸತ್ತರು. ಈಗಿನ ಮದ್ದಿಗೆ ಆ ಆಮ್ಲವನ್ನು ಹೀರುವ ವಸ್ತು ಸೇರಿಸಿರುತ್ತಾರೆ. ಅದೂ ಒಂದು ದಿನ ಮುಗಿಯುತ್ತದೆ.

ಆದ್ದರಿಂದ ತೋಟಾವನ್ನು ಶೀಟಿನ ಮಾಡಿನ ಕೆಳಗೆ, ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ತಣ್ಣಗೆ, ಒಣಗಿರುವ, ಬೀಗ ಹಾಕುವ ಕಡೆ ಇರಲಿ. ಮಕ್ಕಳ ಕೈಗೆ ಸಿಗದಿರಲಿ. ಊದಿದ, ಹಸಿರುಗಟ್ಟಿದ, ಮೂಗಿಗೆ ಚುಚ್ಚುವ ಹುಳಿ ವಾಸನೆಯ ತೋಟಾ ಹಾರಿಸುವಂತಿಲ್ಲ. ತೇವ ಬಡಿದದ್ದನ್ನು ಬಿಸಿಲಿಗೆ ಹಾಕಿ ಒಣಗಿಸುವಂತಿಲ್ಲ. ಒಲೆಗೆ, ತಿಪ್ಪೆಗೆ, ಬಾವಿಗೆ ಹಾಕುವಂತೆಯೂ ಇಲ್ಲ. ಲೈಸೆನ್ಸಿನ ಪುಸ್ತಕ ಹಿಡಿದು ಹೋಗಿ ಠಾಣೆಗೆ ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿಟ್ಟು ಬರುತ್ತೇವಲ್ಲ, ಆ ಹೊತ್ತು ಮನೆಯಲ್ಲಿ ಉಳಿದ ಮದ್ದನ್ನೂ ಒಮ್ಮೆ ನೋಡುವುದು ಒಳ್ಳೆಯ ರೂಢಿ.

ಕಾನೂನಿನ ಮಾತು

1959ರ ಕಾಯಿದೆಯ ಪ್ರಕಾರ ಮದ್ದುಗುಂಡು ತಯಾರಿಸುವುದಕ್ಕೆ ಬೇರೆಯೇ ಲೈಸೆನ್ಸು ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸು ಅದಕ್ಕೆ ಸಾಲದು. ತೋಟಾದ ಬಿಡಿಭಾಗ, ಅದನ್ನು ಮಾಡುವ ಯಂತ್ರ ಎಲ್ಲವನ್ನೂ ಕಾಯಿದೆ 'ಮದ್ದುಗುಂಡು' ಎಂಬ ಮಾತಿನೊಳಗೇ ಸೇರಿಸಿದೆ. ಖಾಲಿ ತೋಟಾಕ್ಕೆ ಮನೆಯಲ್ಲೇ ಮದ್ದು ತುಂಬುವುದು, ಪೆಟ್ಟುಪ್ಪು ತಂದು ಮದ್ದು ಅರೆಯುವುದು ಸಣ್ಣ ತಪ್ಪಲ್ಲ. 2019ರ ತಿದ್ದುಪಡಿ ಶಿಕ್ಷೆಯನ್ನು ಇನ್ನೂ ಬಿಗಿ ಮಾಡಿತು. ಅದೇ ತಿದ್ದುಪಡಿ ಲೈಸೆನ್ಸಿನ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು, ಒಬ್ಬರಿಗೆ ಮೂರರ ಬದಲು ಎರಡೇ ಕೋವಿ ಎಂದಿತು.

ಅರಕಲಗೂಡಿನ ಗಡಿ ದಾಟಿದರೆ ಕೊಡಗು. 'ಅಲ್ಲಿ ಲೈಸೆನ್ಸೇ ಬೇಡವಂತೆ' ಎಂಬ ಮಾತು ನಮ್ಮಲ್ಲಿ ಓಡಾಡುತ್ತದೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ. 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ಹಾಸನ ಜಿಲ್ಲೆಯ ರೈತನಿಗೆ ಅದು ಅನ್ವಯಿಸುವುದಿಲ್ಲ.

ಮತ್ತೆ, ಬೆಳೆ ರಕ್ಷಣೆಯ ಲೈಸೆನ್ಸು ಬೇಟೆಯ ಪರವಾನಗಿ ಅಲ್ಲ. 1972ರ ವನ್ಯಜೀವಿ ಕಾಯಿದೆ ಹಂದಿಗೂ ನವಿಲಿಗೂ ರಕ್ಷಣೆ ಕೊಟ್ಟಿದೆ. ಕೋವಿಯ ಸದ್ದಿಗೆ ಪ್ರಾಣಿ ಓಡಲಿ, ಅಷ್ಟು ಸಾಕು.

ಇಷ್ಟು ನೆನಪಿರಲಿ

* ಕೇಪಿನ ಕೋವಿಗೆ ಕಪ್ಪು ಮದ್ದು ಮಾತ್ರ. ಲೈಸೆನ್ಸು ಇರುವ ಅಂಗಡಿಯಿಂದ, ಪುಸ್ತಕದಲ್ಲಿ ಬರೆದಷ್ಟು ಮಾತ್ರ.

* ತೋಟಾ ಕೊಯ್ದು ತೆಗೆದ ಮದ್ದು ಯಾವ ಕೋವಿಗೂ ಬೇಡ. ಎರಡು ಮದ್ದು ಬೆರೆಸುವುದಂತೂ ಬೇಡವೇ ಬೇಡ.

* ಹೆಸರು ಬರೆಯದ ಡಬ್ಬಿಯ ಮದ್ದು ಎಂದರೆ ಗುರುತಿಲ್ಲದ ವಿಷದ ಬಾಟಲಿ ಇದ್ದ ಹಾಗೆ. ಬಳಸಬೇಡಿ.

* ಕೇಪು ಹೊಡೆದೂ ಕೋವಿ ಹಾರದಿದ್ದರೆ ಬಾಯಿಯ ಕಡೆ ಇಣುಕಬೇಡಿ. ಜನವಿಲ್ಲದ ಕಡೆಗೆ ಹಿಡಿದು ಕನಿಷ್ಠ ಎರಡು ನಿಮಿಷ ಕಾಯಿರಿ.

* ಕಪ್ಪು ಮದ್ದು ಹಾರಿಸಿದ ದಿನವೇ ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ. ಅದರ ಕಿಟ್ಟ ತೇವ ಹೀರಿ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಸುತ್ತದೆ. ನಾಳೆ ಸಿಡಿಯುವುದು ಆ ತುಕ್ಕು ತಿಂದ ಜಾಗವೇ.

ಮದ್ದು ಸಿಗದಿದ್ದರೆ ಆ ಸುಗ್ಗಿಗೆ ಕೋವಿ ಸುಮ್ಮನೆ ಇರಲಿ. ತಮಟೆ ಇದೆ, ದೀಪ ಇದೆ, ಬೇಲಿ ಇದೆ. ಹಂದಿ ತಿಂದ ರಾಗಿಯನ್ನು ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಬಿತ್ತೋದಕ್ಕೆ ಕೈ ಇರಬೇಕು.